ಚಾಲಕರೊಡನೆ ಮಾತನಾಡಬಾರದು

ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಲೋಟ ತೊಳೆದಿಟ್ಟ ಮೇಲೆ ನನಗೆ ಬಸ್ಸು ಹತ್ತಬೇಕು ಅನ್ನಿಸುತ್ತದೆ. ಎಲ್ಲಿಗೆ ಅಂತ ಮಾತ್ರ ಕೇಳಬೇಡಿ. ನನ್ನ ತಂಗಿ ಸುಧಾ ಕೇಳಿ ಕೇಳಿ ಸೋತಿದ್ದಾಳೆ. ಅವಳಿರುವುದು ಮಹಾಲಕ್ಷ್ಮಿ ಲೇಔಟಿನಲ್ಲಿ, ಗಂಡ, ಅತ್ತೆ, ಇಬ್ಬರು ಮಕ್ಕಳು, ಒಂದು ನಾಯಿ ಇರುವ ತುಂಬಿದ ಮನೆಯಲ್ಲಿ. ಭಾನುವಾರ ಸಂಜೆ ತಪ್ಪದೆ ಫೋನ್ ಮಾಡುತ್ತಾಳೆ.

"ಎಲ್ಲಿಗೆ ಹೋಗಿದ್ದೆ ಅಕ್ಕಾ?"

"ಕೆಂಗೇರಿಗೆ."

"ಏನಿತ್ತು ಅಲ್ಲಿ?"

"ಏನೂ ಇರ್ಲಿಲ್ಲ. ಸುಮ್ನೆ ಹೋಗಿ ಬಂದೆ."

"ಸುಮ್ನೆ ಹೋಗೋದಾದ್ರೆ ನಮ್ಮನೆಗೇ ಬರಬಹುದಿತ್ತಲ್ಲ."

ಬರಬಹುದಿತ್ತು, ನಿಜ. ಆದರೆ ತಂಗಿಯ ಮನೆಗೆ ಹೊರಟರೆ ಅರ್ಧ ಗಂಟೆಯಲ್ಲಿ ತಲುಪಿಬಿಡುತ್ತೇನೆ. ತಲುಪಿದ ಮೇಲೆ ಸೋಫಾದ ಮೇಲೆ ಕೂತು, ಉಪ್ಪಿಟ್ಟು ತಿಂದು, "ಒಬ್ಳೇ ಹೇಗಿರ್ತೀಯಮ್ಮಾ" ಎಂಬ ಅವಳ ಅತ್ತೆಯ ಪ್ರಶ್ನೆಗೆ ಉತ್ತರ ಹೇಳಬೇಕು. ಬಸ್ಸಿನಲ್ಲಿ ಯಾರೂ ಅದನ್ನು ಕೇಳುವುದಿಲ್ಲ.

ನಾನು ಬಸವೇಶ್ವರನಗರದ ಒಂದು ಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ವಯಸ್ಸು ಐವತ್ತನಾಲ್ಕು. ಮದುವೆಯಾಗಲಿಲ್ಲ. ಯಾಕೆ ಅನ್ನುವುದು ದೊಡ್ಡ ಕತೆಯೇನಲ್ಲ; ಅಪ್ಪನ ಕಾಯಿಲೆ, ಅಮ್ಮನ ಕಾಯಿಲೆ, ತಂಗಿಯ ಮದುವೆ ಅಂತ ಒಂದೊಂದೇ ಮುಗಿಯುವ ಹೊತ್ತಿಗೆ ಕೇಳಿಕೊಂಡು ಬರುವವರೂ ಮುಗಿದಿದ್ದರು. ಈಗ ವಿಜಯನಗರದಲ್ಲಿ ಎರಡನೇ ಮಹಡಿಯ ಒಂದು ಚಿಕ್ಕ ಮನೆಯಲ್ಲಿದ್ದೇನೆ. ತರಗತಿಯಲ್ಲಿ ಕಾವೇರಿಯ ಉಪನದಿಗಳನ್ನು ಹೇಳುವಾಗ ಒಮ್ಮೊಮ್ಮೆ ಒಂದು ಬಿಟ್ಟುಹೋಗುವುದುಂಟು. ಆದರೆ ವಿಜಯನಗರದಿಂದ ಕೆಂಗೇರಿ ಉಪನಗರಕ್ಕೆ ಯಾವ ಬಸ್ಸು ಎಲ್ಲೆಲ್ಲಿ ತಿರುಗಿ ಹೋಗುತ್ತದೆ ಅನ್ನುವುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಮಕ್ಕಳು ನನಗೆ 'ಬಸ್ ಮಿಸ್' ಎಂದು ಹೆಸರಿಟ್ಟಿದ್ದಾರೆ. ಬೆನ್ನ ಹಿಂದೆಯೇ ಹೇಳುತ್ತಾರೆ, ಆದರೆ ಕೇಳಿಸುವಷ್ಟು ಜೋರಾಗಿ. ಮೊದಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿ ನೋಡಿದರೆ ಹೆಸರು ಎರಡು ಅರ್ಥಕ್ಕೂ ಸರಿಯಾಗಿಯೇ ಇದೆ.

ಈ ಹುಚ್ಚು ಹಿಡಿದದ್ದು ರಾಜಾಜಿನಗರದಲ್ಲಿ, ನಾನು ಆರೇಳು ವರ್ಷದವಳಿದ್ದಾಗ. ಆಗ ಊರಿನಲ್ಲಿ ಡಬಲ್ ಡೆಕ್ಕರ್ ಬಸ್ಸುಗಳು ಓಡುತ್ತಿದ್ದವು. ಅಪ್ಪ ರಜೆಯ ದಿನ ನನ್ನನ್ನು ಕರೆದುಕೊಂಡು ಹೋಗಿ ಮೇಲಿನ ಮಹಡಿಯ ಮುಂದಿನ ಸೀಟಿನಲ್ಲಿ ಕೂರಿಸುತ್ತಿದ್ದರು. ಮರದ ಕೊಂಬೆಗಳು ಗಾಜಿಗೆ ಬಡಿಯುವಾಗ ನಾನು ತಲೆ ತಗ್ಗಿಸುತ್ತಿದ್ದೆ, ಅಪ್ಪನೂ ತಗ್ಗಿಸುತ್ತಿದ್ದರು. ಮನೆಗೆ ಬಂದ ಮೇಲೆ ಊಟದ ತಟ್ಟೆ ನನಗೆ ಸ್ಟೇರಿಂಗ್ ಆಗುತ್ತಿತ್ತು, ಹಿಟ್ಟಿನ ಡಬ್ಬದ ಮೇಲಿಟ್ಟ ಸೌಟು ಗೇರು. ಅಡುಗೆಮನೆಯಿಂದ ಹಜಾರದವರೆಗೆ ಸುಧಾಳನ್ನು ಹಿಂದೆ ಕೂರಿಸಿಕೊಂಡು ಎಷ್ಟು ಟ್ರಿಪ್ಪು ಹೊಡೆದಿದ್ದೇನೋ. ಅಮ್ಮ ಅನ್ನಕ್ಕೆ ತಟ್ಟೆ ಕೇಳಿದರೆ, "ಇನ್ನೊಂದ್ ಸ್ಟಾಪ್ ಇದೆ, ತಡಿ" ಅನ್ನುತ್ತಿದ್ದೆ. ಸುಧಾ ಆಗಲೇ ಇಳಿದು ಅಮ್ಮನ ಪಕ್ಕ ಊಟಕ್ಕೆ ಕೂತಿರುತ್ತಿದ್ದಳು. ಅವಳು ಹುಟ್ಟಾ ಜಾಣೆ.

ಹೆಂಗಸಾಗಿ ಹುಟ್ಟಿದ್ದರಿಂದ ಬಸ್ಸಿನ ಮಟ್ಟಿಗೆ ನನಗೆ ಒಂದು ದೊಡ್ಡ ಲಾಭವಾಗಿದೆ. ಮುಂದಿನ ಸೀಟುಗಳು ನಮ್ಮವು. ಡ್ರೈವರ್ ಪಕ್ಕದ ಬಾನೆಟ್ ಆದ ಮೇಲೆ ಕೆಲವು ಬಸ್ಸುಗಳಲ್ಲಿ ಒಂದು ಒಂಟಿ ಸೀಟು ಇರುತ್ತದೆ. ಬಿಸಿಗಾಳಿ ಬಡಿಯುತ್ತದೆ, ಕಾಲು ಚಾಚಲಾಗುವುದಿಲ್ಲ, ಹಾಗಾಗಿ ಯಾರೂ ಅದಕ್ಕೆ ಆಸೆಪಡುವುದಿಲ್ಲ. ಬಸ್ ಹುಚ್ಚಿನವರಿಗೆ ಅದೇ ಸಿಂಹಾಸನ. ಅಲ್ಲಿಂದ ರಸ್ತೆ ಪೂರ್ತಿ ಕಾಣುತ್ತದೆ, ಗೇರು ಕಾಣುತ್ತದೆ, ಡ್ರೈವರ್ ಮುಖವೂ ಕಾಣುತ್ತದೆ. ಎದುರಿಗೇ ಒಂದು ಬರಹವೂ ಕಾಣುತ್ತದೆ: ಚಾಲಕರೊಡನೆ ಮಾತನಾಡಬಾರದು. ಮಕ್ಕಳಿಗೆ ಫಲಕ ಓದುವುದನ್ನು ಕಲಿಸುವ ನಾನು ಅದೊಂದನ್ನು ಮಾತ್ರ ಓದದವಳಂತೆ ಕೂರುತ್ತಿದ್ದೆ.

ಯಲ್ಲಪ್ಪನ ಪರಿಚಯವಾದದ್ದು ಆ ಸೀಟಿನಿಂದಲೇ. ಭಾನುವಾರ ಬೆಳಗಿನ ಕೆಂಗೇರಿ ಉಪನಗರದ ಬಸ್ಸಿನ ಡ್ರೈವರ್ ಅವನು. ಬಾದಾಮಿ ಹತ್ತಿರದ ಹಳ್ಳಿಯವನು, ನಲವತ್ತರ ಆಸುಪಾಸು. ಚಂದ್ರಾ ಲೇಔಟ್ ದಾಟುವಾಗ ಗೇರು ಬದಲಾಯಿಸಿದಾಗಲೆಲ್ಲ ಗಾಡಿ ಕರಕರ ಅನ್ನುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಮೂರನೇ ಗೇರ್ ಸರಿಯಾಗಿ ಬೀಳ್ತಿಲ್ಲ ಅಲ್ವಾ?" ಅಂದೆ.

ಅವನು ಕಣ್ಣು ರಸ್ತೆಯ ಮೇಲಿಟ್ಟುಕೊಂಡೇ, "ನಿಮ್ಮ ಮನಿಯವ್ರು ಡ್ರೈವರ್ ಏನ್ರೀ ಅಕ್ಕಾರ?" ಎಂದು ಕೇಳಿದ.

"ಮನೆಯವ್ರೇ ಇಲ್ಲ. ನಂಗೇ ಬಸ್ಸು ಅಂದ್ರೆ ಇಷ್ಟ."

"ಬಸ್ಸು ಅಂದ್ರ ಇಷ್ಟ ಅನ್ನೋ ಮಂದೀನ ಇವತ್ತ ನೋಡಿದ್ನಿ ನೋಡ್ರಿ" ಎಂದು ನಕ್ಕ.

ಅಲ್ಲಿಂದ ಸುಮಾರು ಎರಡು ವರ್ಷ ಭಾನುವಾರವೆಂದರೆ ಯಲ್ಲಪ್ಪನ ಬಸ್ಸು. ಕಂಡಕ್ಟರ್ ಶೋಭಾ ಎಂಬ ಹೆಂಗಸು. ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ ಚೀಟಿ ಹರಿದುಕೊಡುವಾಗ ಎಲ್ಲಿಗೆ ಅಂತ ಕೇಳಲೇಬೇಕಲ್ಲ, ಅವಳು ನನ್ನನ್ನು ಕೇಳುವುದನ್ನೂ ಬಿಟ್ಟಿದ್ದಳು. ಉಪನಗರ ತಲುಪಿದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಬಿಡುವು. ಆ ಹೊತ್ತಿನಲ್ಲಿ ಯಲ್ಲಪ್ಪ ಊರಿಗೆ ಫೋನ್ ಮಾಡುತ್ತಿದ್ದ. ಹೆಂಡತಿ, ಮಗಳು ಎಲ್ಲ ಅಲ್ಲೇ. ಇಲ್ಲಿ ಕೆಂಗೇರಿಯ ಒಂದು ಕೋಣೆಯಲ್ಲಿ ಮೂರು ಜನ ಡ್ರೈವರ್‌ಗಳು ಸೇರಿ ಇದ್ದರು. ಒಬ್ಬ ಡ್ಯೂಟಿಯಲ್ಲಿದ್ದರೆ ಇನ್ನೊಬ್ಬ ಮಲಗಿರುತ್ತಿದ್ದ, ಒಬ್ಬರ ಮುಖ ಒಬ್ಬರು ಎಚ್ಚರದಲ್ಲಿ ನೋಡುವುದೇ ಕಡಿಮೆಯಂತೆ.

"ದಿನಾ ಇಷ್ಟ ಮಂದಿ ನನ್ನ ಬೆನ್ನ ನೋಡ್ಕೋತ ಹೋಗ್ತಾರ. ಮಾರಿ ನೋಡಿ ಮಾತಾಡೂವ್ರು ನೀವೊಬ್ರ" ಎಂದು ಒಂದು ದಿನ ಹೇಳಿದ. ಬೇಸರದಿಂದೇನೂ ಹೇಳಲಿಲ್ಲ, ಹವಾಮಾನ ಹೇಳುವ ಹಾಗೆ ಹೇಳಿದ. ಶಾಲೆಯಲ್ಲಿ ದಿನಾ ನಲವತ್ತು ಮಕ್ಕಳು ನನ್ನ ಮುಖ ನೋಡುತ್ತಾರೆ, ಮನೆಗೆ ಬಂದು ಬಾಗಿಲು ಹಾಕಿದರೆ ಮಾರನೆಯ ಬೆಳಿಗ್ಗೆವರೆಗೆ ಬಾಯಿ ತೆರೆಯುವ ಸಂದರ್ಭ ಬರುವುದಿಲ್ಲ ಅಂತ ಹೇಳಬೇಕು ಅನ್ನಿಸಿತು. ಹೇಳಲಿಲ್ಲ.

ಅವನ ಮಗಳು ಸಾವಿತ್ರಿ ಹತ್ತನೇ ತರಗತಿಯಲ್ಲಿದ್ದಳು. ಸಮಾಜ ವಿಜ್ಞಾನವೆಂದರೆ ಅವಳಿಗೆ ಜ್ವರ ಬರುತ್ತಿತ್ತಂತೆ. ನಾನು ನಕ್ಷೆಗಳನ್ನು ದೊಡ್ಡದಾಗಿ ಬರೆದು, ಮಣ್ಣು, ಬೆಳೆ, ನದಿ ಅಂತ ಬಣ್ಣ ಹಾಕಿ ಕಳಿಸತೊಡಗಿದೆ. ಯಲ್ಲಪ್ಪ ಅವನ್ನು ಮಡಿಸದೆ ಸುರುಳಿ ಸುತ್ತಿ, ಸೀಟಿನ ಹಿಂದೆ ಸಿಕ್ಕಿಸಿಟ್ಟು, ಊರಿಗೆ ಹೋಗುವಾಗ ಒಯ್ಯುತ್ತಿದ್ದ. ಶಾಲೆಯ ಮಕ್ಕಳಿಗೂ ಅಷ್ಟು ಚಂದ ನಾನು ನಕ್ಷೆ ಬರೆದಿರಲಿಲ್ಲ.

ಇಷ್ಟು ಹೊತ್ತು ಸುತ್ತಿ ಬಳಸಿ ಹೇಳುತ್ತಿದ್ದೇನೆ ಅಂದರೆ, ಹೇಳಬೇಕಾದದ್ದು ಹೇಳಲು ಕಷ್ಟವಾಗುತ್ತಿದೆ ಅಂತ ನಿಮಗೆ ಗೊತ್ತಾಗಿರಬೇಕು.

ಅವತ್ತು ನಾಗರಭಾವಿ ದಾಟಿ ಉಲ್ಲಾಳದ ಕಡೆ ಹೋಗುತ್ತಿದ್ದೆವು. ಬಸ್ಸಿನಲ್ಲಿ ಹೆಚ್ಚು ಜನ ಇರಲಿಲ್ಲ. ಎದುರಿನಿಂದ ಹೊಸ ಎಲೆಕ್ಟ್ರಿಕ್ ಬಸ್ಸು ಬಂತು. ಆ ರಸ್ತೆಯಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು. ಹೊಗೆಯಿಲ್ಲ, ಸದ್ದಿಲ್ಲ, ನೀರಿನ ಮೇಲೆ ಬರುವ ಹಾಗೆ ಬರುತ್ತಿತ್ತು. ನಾನು ಸೀಟಿನಿಂದ ಅರ್ಧ ಎದ್ದು, ಕೈ ಚಾಚಿ, "ಯಲ್ಲಪ್ಪ, ಅಲ್ನೋಡಿ ಅಲ್ನೋಡಿ" ಅಂದೆ.

ಅವನು ನೋಡಿದ. ನಾನು ತೋರಿಸಿದ್ದನ್ನು ನೋಡಿದ. ಅದೇ ಹೊತ್ತಿಗೆ ಎಡಗಡೆಯ ಅಡ್ಡರಸ್ತೆಯಿಂದ ಒಂದು ಸ್ಕೂಟರ್, ಅತ್ತಿತ್ತ ನೋಡದೆ, ಬಸ್ಸಿನ ಮುಂದೆಯೇ ನುಗ್ಗಿತು. ಬ್ರೇಕ್ ಬಿತ್ತು. ಸ್ಕೂಟರಿನವನಿಗೆ ಏನೂ ಆಗಲಿಲ್ಲ, ನಿಲ್ಲದೆ ಹೊರಟುಹೋದ. ಮುಂದಿನ ಸ್ಟಾಪಿನಲ್ಲಿ ಇಳಿಯಲೆಂದು ಬಾಗಿಲ ಬಳಿ ನಿಂತಿದ್ದ ಹೆಂಗಸೊಬ್ಬಳು ಮುಗ್ಗರಿಸಿ ಬಿದ್ದಳು. ಅವಳ ಚೀಲದ ಈರುಳ್ಳಿ ಬಸ್ಸಿನ ತುಂಬ ಉರುಳಿದವು. ಗದ್ದದಿಂದ ರಕ್ತ ಬರುತ್ತಿತ್ತು, ಬಲಗೈ ಮಣಿಕಟ್ಟು ನೋಡನೋಡುತ್ತ ಊದಿಕೊಂಡಿತು.

ಯಲ್ಲಪ್ಪ ಗಾಡಿ ಬದಿಗೆ ನಿಲ್ಲಿಸಿ, ಕೊರಳಿನ ಟವೆಲು ತೆಗೆದು ಅವಳ ಕೈಗೆ ಸುತ್ತತೊಡಗಿದ. ಹಿಂದಿನಿಂದ ಜನ ಮುಂದೆ ಬಂದರು. ಒಬ್ಬ ಹುಡುಗ ಫೋನ್ ಎತ್ತಿ ಹಿಡಿದುಕೊಂಡು, ಪಕ್ಕದವನಿಗೆ ಹೇಳಿದ: "ಆಂಟಿ ಜೊತೆ ಹರಟೆ ಹೊಡ್ಕೊಂಡು ಓಡಿಸಿದ್ರೆ ಇನ್ನೇನಾಗುತ್ತೆ ಗುರು."

ಇನ್ನೊಬ್ಬ ನಕ್ಕ. ಆ ನಗುವಿನಲ್ಲಿದ್ದ ಅರ್ಥ ನನಗೆ ತಿಳಿಯಿತು. ಆ ಫೋನು ನನ್ನ ಕಡೆ ತಿರುಗುವುದು ಕಂಡಿತು. ಅದನ್ನು ಶಾಲೆಯ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಸುಧಾಳ ಅತ್ತೆ, ಎಲ್ಲರೂ ನೋಡುವುದು ಒಂದೇ ಕ್ಷಣದಲ್ಲಿ ಕಣ್ಣ ಮುಂದೆ ಬಂತು.

ಯಲ್ಲಪ್ಪ ಬಿದ್ದವಳ ಪಕ್ಕ ಕೂತಲ್ಲಿಂದಲೇ ತಲೆಯೆತ್ತಿ, "ಯಾರೂ ಹೋಗಬ್ಯಾಡ್ರಿ, ಸ್ಕೂಟರ್ ಅಡ್ಡ ಬಂದಿದ್ದ ನೋಡಿದವ್ರು ಒಬ್ರರ ನಿಂದರ್ರಿ" ಎಂದು ಕೇಳಿಕೊಳ್ಳುತ್ತಿದ್ದ. ನೋಡಿದವಳು ನಾನೊಬ್ಬಳೇ. ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಜನರ ನಡುವೆ ಹಿಂದಕ್ಕೆ ಸರಿದು, ಹಿಂದಿನ ಬಾಗಿಲಿನಿಂದ ಇಳಿದುಬಿಟ್ಟೆ. ಇಳಿಯುವಾಗ ಶೋಭಾ ನನ್ನನ್ನು ನೋಡಿದಳು. ನಾನು ಅವಳನ್ನು ನೋಡದ ಹಾಗೆ ನಡೆದೆ. ಆಟೋ ಸಿಕ್ಕಿತು. ದಾರಿಯುದ್ದಕ್ಕೂ ಆಟೋದವನು ಏನೋ ಮಾತಾಡಿದ, ನಾನು ಬಾಯಿ ಬಿಡಲಿಲ್ಲ.

ಸಂಜೆ ಸುಧಾ ಫೋನ್ ಮಾಡಿದಾಗ, "ಇವತ್ತು ಎಲ್ಲೂ ಹೋಗ್ಲಿಲ್ಲ, ತಲೆನೋವು" ಅಂದೆ. ಅವಳು ಖುಷಿಪಟ್ಟಳು.

ಮುಂದಿನ ಭಾನುವಾರ ಬಸ್ ಸ್ಟಾಪಿನವರೆಗೂ ಹೋದೆ. ಬಸ್ಸು ಬರುವುದು ಕಂಡ ಕೂಡಲೇ ಎದುರಿನ ಹೂವಿನ ಅಂಗಡಿಗೆ ಹೋಗಿ ಬೇಡದ ಹೂವು ಕೊಂಡೆ. ಬಸ್ಸಿನಲ್ಲಿದ್ದುದು ಬೇರೆ ಯಾರೋ ಡ್ರೈವರ್. ಅದನ್ನು ನೋಡಿ ಮೊದಲು ಸಮಾಧಾನವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಆಮೇಲೆ ಯಲ್ಲಪ್ಪನಿಗೆ ಏನಾಯಿತೋ ಎಂಬ ಯೋಚನೆ ಬಂತು.

ಬಸ್ಸು ಬಿಟ್ಟು ಮೆಟ್ರೋ ಹಿಡಿದೆ. ವಿಜಯನಗರದಲ್ಲಿ ಹತ್ತಿ ಚಲ್ಲಘಟ್ಟದವರೆಗೆ, ಅಲ್ಲಿಂದ ಮತ್ತೆ ವಿಜಯನಗರಕ್ಕೆ. ಅದರ ಬಗ್ಗೆ ನನಗೇನೂ ದೂರಿಲ್ಲ. ಚೊಕ್ಕ, ತಂಪು, ಹೇಳಿದ ಹೊತ್ತಿಗೆ ಬರುತ್ತದೆ. ಎತ್ತರದಿಂದ ನಾಯಂಡಹಳ್ಳಿಯ ಹತ್ತಿರ ಊರು ಕಾಣುವ ರೀತಿಯೂ ಚಂದ. ಆದರೆ ಓಡಿಸುವವರು ಬಾಗಿಲ ಹಿಂದೆ ಇರುತ್ತಾರೆ. ಎದುರುಬದುರು ಕೂತವರು ಒಬ್ಬರನ್ನೊಬ್ಬರು ನೋಡದಿರಲು ಫೋನ್ ನೋಡುತ್ತಾರೆ. ಮಾತಾಡುವವಳು ಎಂದರೆ ಸ್ಟೇಷನ್ ಹೆಸರು ಹೇಳುವ ಹೆಣ್ಣುದನಿ ಒಂದೇ. ಒಂದು ಭಾನುವಾರ ಅವಳು "ಮುಂದಿನ ನಿಲ್ದಾಣ ಪಟ್ಟಣಗೆರೆ" ಅಂದಾಗ ನಾನು "ಹೂಂ" ಅಂದುಬಿಟ್ಟೆ. ಪಕ್ಕದ ಹುಡುಗಿ ಕಿವಿಯ ವೈರು ತೆಗೆದು ನನ್ನನ್ನು ನೋಡಿದಳು.

ಕೆಲವು ವಾರ ಕೆಂಗೇರಿ ರೈಲ್ವೆ ಸ್ಟೇಷನ್ನಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತೆ. ಮೈಸೂರಿನ ಗಾಡಿಗಳು ಬರುತ್ತಿದ್ದವು, ಹೋಗುತ್ತಿದ್ದವು. ಬಿಡದಿಯವರೆಗೆ ಒಂದೆರಡು ಸಲ ಹೋಗಿಯೂ ಬಂದೆ. ಕಿಟಕಿಯ ಪಕ್ಕವೇ ಸೀಟು ಸಿಕ್ಕಿತು. ಗದ್ದೆ, ಬಂಡೆ, ಹೊಸ ಲೇಔಟಿನ ಕಲ್ಲುಗಳು ಎಲ್ಲ ಕಂಡವು. ತೋರಿಸಲು ಯಾರೂ ಇಲ್ಲದಿದ್ದರೆ ನೋಡಿದ್ದೆಲ್ಲ ನೋಡಿದ ಜಾಗದಲ್ಲೇ ಉಳಿದುಬಿಡುತ್ತದೆ ಅನ್ನುವುದು ನನಗೆ ಗೊತ್ತಾದದ್ದು ಆಗ.

ಹೀಗೆ ನಾಲ್ಕೈದು ತಿಂಗಳು ಕಳೆದವು. ಒಂದು ಭಾನುವಾರ ಮೆಟ್ರೋದಲ್ಲಿ ನನ್ನ ಪಕ್ಕದ ಸೀಟಿಗೆ ಬಂದು ಕೂತ ಹೆಂಗಸು, "ಚೆನ್ನಾಗಿದೀರಾ ಮೇಡಂ?" ಅಂದಳು. ಖಾಕಿ ಇಲ್ಲದೆ ಹಸಿರು ಸೀರೆಯಲ್ಲಿದ್ದುದರಿಂದ ಶೋಭಾಳ ಗುರುತು ಹತ್ತಲಿಲ್ಲ. ಹತ್ತಿದ ಮೇಲೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ಅವತ್ತು ಇಳಿದು ಹೋಗ್ಬಿಟ್ರಲ್ಲ" ಎಂದಳು.

"ಆ ಅಮ್ಮ ಹೇಗಿದಾರೆ?" ಎಂದು ಕೇಳಿದೆ.

"ಕೈಗೆ ಪಟ್ಟಿ ಹಾಕಿದ್ರು, ಈಗ ಬಿಚ್ಚಿದಾರೆ. ಒಳ್ಳೇವ್ರು ಪಾಪ, ದೂರು ಬೇಡ ಅಂದ್ರು. ಆದ್ರೂ ವಿಚಾರಣೆ ಆಗೇ ಆಗುತ್ತಲ್ಲ ಮೇಡಂ. ಸ್ಕೂಟರ್ ಅಡ್ಡ ಬಂತು ಅಂತ ಯಲ್ಲಪ್ಪಣ್ಣ ಹೇಳಿದ್ರು. ಯಾರು ನೋಡಿದ್ರು ಅಂತ ಕೇಳಿದ್ರು. ನಾನು ಹಿಂದೆ ಚೀಟಿ ಕೊಡ್ತಿದ್ದೆ, ನೋಡಿಲ್ಲ ಅಂದೆ. ನೋಡ್ದೇ ಇದ್ದಿದ್ದನ್ನ ನೋಡಿದೆ ಅನ್ನಕ್ಕಾಗುತ್ತಾ?"

"ಇಲ್ಲ" ಎಂದೆ.

"ನೀವು ಮುಂದೆ ಇದ್ರಿ."

ಅದನ್ನು ಅವಳು ಆಪಾದನೆಯ ಹಾಗೆ ಹೇಳಲಿಲ್ಲ. ಹಾಗೆ ಹೇಳಿದ್ದರೆ ಒಳ್ಳೆಯದಿತ್ತು. ಯಲ್ಲಪ್ಪನನ್ನು ಕೆಲವು ದಿನ ಕೆಲಸ ಕೊಡದೆ ಕೂರಿಸಿದ್ದರಂತೆ, ಆಮೇಲೆ ಕೆಂಗೇರಿಯಿಂದ ವಿಜಯನಗರದ ಮೇಲೆ ರಾಜಾಜಿನಗರಕ್ಕೆ ಹೋಗುವ ಬಸ್ಸಿಗೆ ಹಾಕಿದರಂತೆ. ಪಕ್ಕದಲ್ಲಿ ಮಾತಾಡುತ್ತಿದ್ದವರು ಯಾರು ಎಂದು ವಿಚಾರಣೆಯಲ್ಲಿ ಕೇಳಿದಾಗ, ಯಾರೋ ಪ್ರಯಾಣಿಕರು, ಹೆಸರು ಗೊತ್ತಿಲ್ಲ ಅಂದನಂತೆ. ಎರಡು ವರ್ಷ ಮಾತಾಡಿದವನಿಗೆ, ಮಗಳಿಗೆ ನಕ್ಷೆ ಒಯ್ದವನಿಗೆ ನನ್ನ ಹೆಸರು, ಶಾಲೆ ಎಲ್ಲ ಗೊತ್ತಿತ್ತು.

ಮನೆಗೆ ಬಂದು ಆ ದಿನ ನಡೆದದ್ದನ್ನು ಬರೆಯಲು ಕೂತೆ. ಮೊದಲ ಸಲ ಬರೆದದ್ದರಲ್ಲಿ ತಪ್ಪೆಲ್ಲ ಸ್ಕೂಟರಿನವನದಾಗಿತ್ತು. ಎರಡನೆಯದರಲ್ಲಿ ಎಲ್ಲ ನನ್ನದಾಗಿ, ಓದಿದರೆ ನನ್ನ ಬಗ್ಗೆಯೇ ಮರುಕ ಹುಟ್ಟುವ ಹಾಗಿತ್ತು. ಅದನ್ನೂ ಹರಿದೆ. ಮೂರನೆಯದರಲ್ಲಿ ಕಂಡಷ್ಟು ಬರೆದೆ: ನಾನು ಕೈ ತೋರಿಸಿದೆ, ಅವರು ನೋಡಿದರು, ಸ್ಕೂಟರ್ ಅಡ್ಡ ಬಂತು, ನಾನು ಇಳಿದು ಹೋದೆ. ಕೆಳಗೆ ಹೆಸರು, ಶಾಲೆ, ಮನೆಯ ವಿಳಾಸ ಬರೆದು ಸಹಿ ಹಾಕಿದೆ. ಇಷ್ಟು ಚಿಕ್ಕ ಉತ್ತರಕ್ಕೆ ಇಷ್ಟು ತಿಂಗಳು ತೆಗೆದುಕೊಂಡ ವಿದ್ಯಾರ್ಥಿಯನ್ನು ನಾನು ಪಾಸು ಮಾಡುತ್ತಿರಲಿಲ್ಲ.

ಮುಂದಿನ ಭಾನುವಾರ ಕೆಂಗೇರಿ ಬಸ್ ಸ್ಟ್ಯಾಂಡಿನಲ್ಲಿ ಯಲ್ಲಪ್ಪ ಸಿಕ್ಕಿದ. ಬಾಟಲಿಯಿಂದ ನೀರು ಸುರಿದು ಮುಂದಿನ ಗಾಜು ಒರೆಸುತ್ತಿದ್ದ. ನನ್ನನ್ನು ನೋಡಿ ಬಟ್ಟೆ ಹಿಂಡಿ ಇಟ್ಟ.

"ಆರಾಮ ಅದೀರಿ?" ಎಂದ.

ನಾನು ಕಾಗದ ಕೊಟ್ಟೆ. ಕೈ ಒರೆಸಿಕೊಂಡು ತೆಗೆದುಕೊಂಡ. ನಿಂತಲ್ಲೇ, ಒಂದೊಂದು ಸಾಲನ್ನೂ ಬಿಡದೆ ಓದಿದ. ಓದಿ ಮುಗಿಸಿ ಮಡಿಸಿ ನನ್ನ ಕೈಗೇ ಕೊಟ್ಟ.

"ಅಕ್ಷರ ಛಲೋ ಅದಾವ್ರಿ. ಆದ್ರ ಅದು ಮುಗದ ಹೋತು. ಈಗ ಕೊಟ್ರ ವಿಚಾರಣಿ ಮತ್ತ ತೆಗೀತಾರ. ಬ್ಯಾಡ್ರಿ."

"ನಾನು ಅವತ್ತೇ ನಿಲ್ಲಬೇಕಾಗಿತ್ತು."

"ಹೌದ್ರಿ" ಎಂದ.

ಇಲ್ಲ ಬಿಡ್ರಿ, ಪರವಾಗಿಲ್ಲ ಅನ್ನುತ್ತಾನೆ ಅಂತ ನಾನು ಕಾದಿದ್ದೆ ಅನ್ನಿಸುತ್ತದೆ. ಅವನು ಹಾಗೆ ಅನ್ನಲಿಲ್ಲ. ಆಮೇಲೆ ಅವನೇ ಹೇಳಿದ: "ನಾ ತಿರುಗಿ ನೋಡಿದ್ದೂ ಖರೇನ ಐತಲ್ರಿ. ಸ್ಟೇರಿಂಗ್ ನನ್ನ ಕೈಯಾಗಿತ್ತು. ನಿಮ್ಮ ಕೈಯಾಗಿರಲಿಲ್ಲ."

"ಸಾವಿತ್ರಿ ಏನ್ ಮಾಡ್ತಿದಾಳೆ?"

"ಪಾಸಾದ್ಲರಿ. ಸಮಾಜದಾಗ ಎಲ್ಲಾದಕ್ಕಿಂತ ಹೆಚ್ಚ ಬಂದಾವ. ಆ ನಕಾಶಿ ಎಲ್ಲಾ ಗ್ವಾಡಿಗೆ ಹಚ್ಚ್ಯಾಳ." ಅಷ್ಟು ಹೇಳುವಾಗ ಮಾತ್ರ ಅವನ ಮುಖದಲ್ಲಿ ಹಳೆಯ ನಗು ಬಂತು. ಆಮೇಲೆ ಗಡಿಯಾರ ನೋಡಿಕೊಂಡು ಬಟ್ಟೆಯನ್ನು ಸೀಟಿನ ಕೆಳಗೆ ಸೇರಿಸಿದ.

"ಈ ಬಸ್ಸಲ್ಲೇ ಬರಲಾ? ವಿಜಯನಗರಕ್ಕೆ" ಎಂದು ಕೇಳಿದೆ. ಐವತ್ತನಾಲ್ಕು ವರ್ಷದವಳು ಅಪ್ಪಣೆ ಕೇಳುವ ಹಾಗೆ ಕೇಳಿದೆ.

"ಬಸ್ಸು ಎಲ್ಲಾರದೂ ಐತ್ರಿ. ಬರ್ರಿ" ಎಂದ. ನಾನು ಬಾಗಿಲ ಹಿಡಿ ಹಿಡಿದಾಗ ಮತ್ತೆ ಹೇಳಿದ: "ಆದ್ರ ಮಾತಾಡೂದು ಬ್ಯಾಡ್ರಿ."

ನಾನು ಒಂಟಿ ಸೀಟಿನಲ್ಲಿ ಕೂತೆ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ. ಮೈಸೂರು ರಸ್ತೆಯಲ್ಲಿ ಬಿಸಿಲು ಚುರುಕಾಗಿತ್ತು. ರಾಜರಾಜೇಶ್ವರಿ ನಗರದ ಕಮಾನಿನ ಹತ್ತಿರ ಟ್ರಾಫಿಕ್ ನಿಂತಿತ್ತು. ಮೊದಲಾಗಿದ್ದರೆ ಅಲ್ಲಿ ಅವನು ಇಂಜಿನ್ ಆಫ್ ಮಾಡಿ ಏನಾದರೂ ಹೇಳುತ್ತಿದ್ದ. ಈಗ ಮುಂದೆ ನೋಡುತ್ತ ಕೂತಿದ್ದ. ನಾನೂ ಮುಂದೆ ನೋಡುತ್ತ ಕೂತಿದ್ದೆ. ಮೇಲೆ ಮೆಟ್ರೋ ಹೋಯಿತು. ಎದುರಿಗೆ ಬಗೆಬಗೆಯ ಬಸ್ಸುಗಳು ಬಂದವು. ಹೇಳುವುದಕ್ಕೆ ಬಹಳ ಇತ್ತು. ಸುಮ್ಮನಿರುವುದು ಇಷ್ಟು ದೊಡ್ಡ ಕೆಲಸ ಅಂತ ನನಗೆ ಗೊತ್ತಿರಲಿಲ್ಲ, ಮನೆಯಲ್ಲಿ ದಿನಾ ಮಾಡುತ್ತಿದ್ದರೂ.

ಸ್ಟಾಪು ಸ್ಟಾಪಿನಲ್ಲಿ ಜನ ಹತ್ತಿದರು, ಇಳಿದರು. ಕೋಲು ಹಿಡಿದ ಅಜ್ಜ, ಮಗು ಎತ್ತಿಕೊಂಡ ತಾಯಿ, ಸೊಪ್ಪಿನ ಗಂಟು ಹೊತ್ತವಳು. ಮುಂದಿನ ಬಾಗಿಲಿನಿಂದ ಇಳಿಯುವ ಪ್ರತಿಯೊಬ್ಬರಿಗೂ ಯಲ್ಲಪ್ಪ ತಿರುಗದೆ, ಕನ್ನಡಿ ನೋಡಿಕೊಂಡು, ಒಂದೇ ಮಾತು ಹೇಳುತ್ತಿದ್ದ. ಇದು ಹೊಸದು, ಹಿಂದೆ ಅವನಿಗೆ ಆ ರೂಢಿ ಇರಲಿಲ್ಲ.

ವಿಜಯನಗರ ಬಂತು. ನಾನು ಎದ್ದು ಬಾಗಿಲ ಬಳಿ ನಿಂತೆ. ಬಸ್ಸು ಪೂರ್ತಿ ನಿಂತಿತು. ಹೋಗಿ ಬರ್ತೀನಿ ಅನ್ನಬೇಕೆಂದು ಅವನ ಕಡೆ ತಿರುಗಿದೆ. ಅವನು ಕನ್ನಡಿಯಲ್ಲಿ ಹಿಂದಿನ ಗಾಡಿಗಳನ್ನು ನೋಡುತ್ತಿದ್ದ.

"ನಿಧಾನ ಇಳೀರಿ" ಎಂದ, ಎಲ್ಲರಿಗೂ ಹೇಳಿದ ಹಾಗೆ.

ನಾನು ನಿಧಾನವಾಗಿ ಇಳಿದೆ.